ಮೂಸೆಯ ಮೇಲಿನ ವಿಭೂತಿ

ಬ್ಯಾಡಗಿಯ ಪ್ರೇಮವ್ವನ ನರ್ಸರಿಯಲ್ಲಿ ಮೆಣಸಿನ ಸಸಿಗಳೆಲ್ಲ ಸುಟ್ಟು ಕರಕಲಾಗಿದ್ದವು. ಅಂಚಿನ ಒಂದು ಸಾಲು ಮಾತ್ರ ಹಸಿರಾಗಿತ್ತು.

"ಬಾಜೂ ಹೊಲದ ಕೊಟ್ರೇಶಂದ ಕೆಲಸ ಇದು. ಕಸದ ಎಣ್ಣಿ ಹೊಡದಾನ. ಗೊಬ್ಬರ ಮಾಡಿ ಕೊಡೋ ಅಣ್ಣಾಜಿಯವರೂ ನೋಡಿ ಹಂಗ ಅಂದ್ರು," ಎಂದಳು ಪ್ರೇಮವ್ವ.

ಬದುವಿನ ಜಗಳದಲ್ಲಿ ಕೊಟ್ರೇಶ "ನಿನ್ನ ಸಸಿ ಉಳಿಯಂಗಿಲ್ಲ" ಅಂದದ್ದನ್ನು ಊರೇ ಕೇಳಿತ್ತು. ಅವನ ಮನೆಯಲ್ಲಿ ಕಸದ ಎಣ್ಣೆಯ, ಅಂದರೆ ಕಳೆನಾಶಕದ, ಡಬ್ಬಿಯೂ ಸಿಕ್ಕಿತು. ಪಿಎಸ್‌ಐ ಸುಧಾರಾಣಿ ಅವನನ್ನು ಠಾಣೆಗೆ ಕರೆತಂದಳು.

ಕರೆತಂದ ಮೇಲೆ ಅವಳ ಜೀವಕ್ಕೆ ಸಮಾಧಾನವಿಲ್ಲ. ಅವನ ಹೆಂಡತಿ ಗುತ್ತೆವ್ವ ಠಾಣೆಯ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ಕೊಟ್ಟ ಚಹಾ ಮುಟ್ಟಲಿಲ್ಲ. ನಾಳೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ತಪ್ಪು ಮನುಷ್ಯನನ್ನು ಹಿಡಿದೆನೇನೋ ಎಂಬ ಅಳುಕಿನಲ್ಲಿ ಸುಧಾರಾಣಿ ಮತ್ತೆ ನರ್ಸರಿಗೆ ಹೋದಳು.

ಟ್ರೇಗಳ ನಡುವೆ ನೆಲದ ಕಳೆ ಹಚ್ಚಗಿತ್ತು. ಕಳೆನಾಶಕ ಹೊಡೆದಿದ್ದರೆ ಕಳೆ ಉಳಿದೀತೇ?

"ಈ ಒಂದು ಸಾಲು ಹೆಂಗ ಉಳೀತು?" ಎಂದು ಪ್ರೇಮವ್ವನನ್ನು ಕೇಳಿದಳು.

"ಅದಕ್ಕ ಹ್ವಾದ ವರ್ಷದ ಗಾಜಿನ ಮಣಿ ಹಾಕಿದ್ನಿರಿ. ಉಳದಾವಕ್ಕೆಲ್ಲ ಹೊಸಾವು."

ಕಬ್ಬಿಣ, ರಂಜಕ ಸೇರಿಸಿ ಕರಗಿಸಿದ ಕಪ್ಪು ಗಾಜಿನ ಮಣಿ. ಮಣ್ಣಿನಲ್ಲಿ ನಿಧಾನಕ್ಕೆ ಕರಗುತ್ತ ಬೇರಿಗೆ ಗೊಬ್ಬರವಾಗುವಂಥದ್ದು. ಮಾಡುವವನು ರಾಣೆಬೆನ್ನೂರಿನ ಅಣ್ಣಾಜಿ.

* * *

ಹಾವೇರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನೀಲಾ, ಸುಧಾರಾಣಿ ತಂದುಕೊಟ್ಟ ಎರಡೂ ಬಗೆಯ ಮಣಿಗಳನ್ನು ಬಿಸಿನೀರಿಗೆ ಹಾಕಿದಳು.

"ಹಳೇವು ಹಂಗ ಅದಾವ. ಹೊಸಾವು ಜಿಗಟಾಗಿ ನೀರು ಹುಳಿ ಆಗೇತಿ. ಎರಡಕ್ಕೂ ಮಾಲು ಒಂದ ಐತ್ರಿ, ಕಾಸಿದ್ದು ಬ್ಯಾರೆ. ಪೂರ್ತಿ ಕಾವು ಕೊಟ್ರ ಒಳಗಿನ ನೀರಿನಂಶ ಹೋಗಿ ಗಾಜು ಬಿಗಿ ಆಕ್ಕತಿ. ಕಾವು ಕಡಿಮಿ ಆದ್ರ ಕಟ್ಟು ಸಡ್ಲ, ಲಗೂ ಕರಗತೈತಿ. ಆ ಹುಳಿಗೇ ಬೇರು ಸುಟ್ಟಾವು."

"ಅಣ್ಣಾಜಿ ಒಪ್ಪಬೇಕಲ್ಲ?"

"ಕರಗಿಸೋ ಮೂಸಿ ಇರತೈತಲ್ರಿ, ಪೂರ್ತಿ ಕಾವಿನ್ಯಾಗ ಆ ಪಾಕ ಮೂಸೀನ್ನೂ ತಿಂತೈತಿ. ತಿಂಗಳೆರಡು ತಿಂಗಳಿಗೆ ಬದಲಿ ಮಾಡಬೇಕು. ಅದನ್ನ ನೋಡ್ರಿ."

* * *

"ಬರ್ರಿ ಮೇಡಂ, ಕುಂದ್ರಿ. ಕಾವಿನ ವಿಷಯದಾಗ ನಮ್ಮದು ಕೂದಲೆಳಿ ಹೆಚ್ಚುಕಡಿಮಿ ಇಲ್ರಿ," ಎಂದ ಅಣ್ಣಾಜಿ.

ಭಟ್ಟಿ ಆರಿತ್ತು. ಸುಧಾರಾಣಿ ಬಾಗಿ ನೋಡಿದಳು. ಮೂಸೆಯ ಹೊರಮೈಗೆ ಮೂರು ಬೆರಳಿನ ಬಿಳಿ ಪಟ್ಟಿ ಬೆಂದು ಅಂಟಿಕೊಂಡಿತ್ತು.

"ಇದೇನ್ರಿ?"

"ವಿಭೂತಿರಿ. ಖಂಡೇಪೂಜಿಗೆ ನಾನ ಹಚ್ಚಿದ್ದು. ವರ್ಷಕ್ಕ ಅದೊಂದ ದಿನ ಹಚ್ಚೂದು." ಭಕ್ತಿಯಿಂದಲೇ ಹೇಳಿದ.

"ದಸರಾದ ಪೂಜಿ. ಈಗ ಮಳಿಗಾಲ. ಅವತ್ತಿಂದ ಇದ ಮೂಸಿ ನಡದೈತಿ?"

ಸುಧಾರಾಣಿ ಮೂಸೆಯೊಳಗೆ ಕೈಯಾಡಿಸಿದಳು. ಎಲ್ಲೂ ಸವೆದಿರಲಿಲ್ಲ.

"ಪೂರ್ತಿ ಕಾವು ಕೊಟ್ಟಿದ್ರ ಇದು ಎಂದೋ ತೂತು ಬೀಳತಿತ್ತು. ಮೂಸಿ ಉಳಸಾಕ ಕಾವು ಇಳಿಸೀರಿ. ಸಸಿ ಸುಟ್ಟಿದ್ದು ಕಂಡಕೂಡ್ಲೆ ನಿಮಗ ಗೊತ್ತಾತು. ಕಸದ ಎಣ್ಣಿ ಅಂತ ಪ್ರೇಮವ್ವನ ಕಿವಿಗೆ ಹಾಕಿದ್ರಿ."

"ಸುಡತಾವಂತ ಮೊದಲ ಖರೇನ ಗೊತ್ತಿರಲಿಲ್ರಿ..."

"ಆಮ್ಯಾಲೆ?"

"ಆಮ್ಯಾಲೆ ಗೊತ್ತಾತ್ರಿ," ಎಂದ ಅಣ್ಣಾಜಿ.

* * *

ಕೊಟ್ರೇಶ ಹೊರಗೆ ಬಂದ. ಗುತ್ತೆವ್ವ ಕಡೆಗೂ ಎದ್ದಳು.

"ತಪ್ಪಾತವ್ವ," ಎಂದಳು ಸುಧಾರಾಣಿ.

"ನಮ್ಮ ಡಬ್ಬಿ ಸೀಲ ಒಡದಿರಲಿಲ್ರಿ," ಎಂದಳು ಗುತ್ತೆವ್ವ. "ಹೇಳಾಕ ಬಂದ್ನಿ. ಯಾರೂ ಕೇಳಲಿಲ್ಲ."

ಸುಧಾರಾಣಿ ಒಳಗೆ ಹೋಗಿ ಜಪ್ತಿ ಮಾಡಿದ ಡಬ್ಬಿಯನ್ನು ಎತ್ತಿ ನೋಡಿದಳು. ಸೀಲು ಹಾಗೇ ಇತ್ತು.