ಬೆಟ್ಟದ ಮೂರು ಊಟದ ಮನೆಗಳು

ಬಹಳ ಹಿಂದೆ, ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಶಿಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಅರಸ ಇಂದುಶೇಖರ. ಅವನ ಅಡುಗೆಮನೆಗೆ ಕರಾಳಜಿಹ್ವ ಎಂಬ ಮಾಂತ್ರಿಕ ಬಾಣಸಿಗನಾಗಿ ಬಂದು ಸೇರಿದ. ಅವನು ಕಾಯಿಸುತ್ತಿದ್ದುದು ಬೂದುಬಣ್ಣದ ಗಂಜಿ ಒಂದನ್ನೇ. ಅದನ್ನು ಕುಡಿದವರ ಬಾಯಿಂದ ‘ಬೇಡ’ ಎಂಬ ಮಾತು ಹೊರಡುತ್ತಿರಲಿಲ್ಲ. ಅರಸ ಕುಡಿದ, ಮಂತ್ರಿಗಳು ಕುಡಿದರು, ಸೈನಿಕರು ಕುಡಿದರು. ಮಾಂತ್ರಿಕ ಹೇಳಿದ್ದಕ್ಕೆಲ್ಲ ಎಲ್ಲರೂ ಹೂಂ ಎಂದರು.

ಅರಸನ ಊಟವನ್ನು ಮೊದಲು ಸವಿದು ನೋಡುವವಳು ದೇಮವ್ವ. ಅವಳು ಗಂಜಿಯನ್ನು ನಾಲಗೆಯ ತುದಿಗೆ ಮುಟ್ಟಿಸಿ ಥೂ ಎಂದು ಉಗಿದಳು. ಹಾಗಾಗಿ ಅವಳೊಬ್ಬಳಿಗೆ ಮಾಯೆ ತಟ್ಟಲಿಲ್ಲ.

ಒಂದು ದಿನ ಕರಾಳಜಿಹ್ವ, “ಬೆಟ್ಟದೂರುಗಳಲ್ಲಿ ಊಟದ ಮನೆಗಳಿವೆಯಂತೆ. ಅವುಗಳ ಒಲೆ ಆರಿಸಬೇಕು” ಎಂದ. ಅರಸ ಹೂಂ ಎಂದ. ಮಾಂತ್ರಿಕ ಆ ಮನೆಗಳಿಗೆಲ್ಲ ತನ್ನ ಮಾಯೆಯ ಕಾವಲು ಹಾಕಿದ.

ಅಡುಗೆಮನೆಯ ಮುದಿ ಬೆಕ್ಕು ದೇಮವ್ವನ ಕಿವಿಯಲ್ಲಿ ಹೇಳಿತು: “ಮಾಯೆಗೆ ಮೂರು ಗಂಟು. ಒಂದು ನಾಲಗೆಗೆ, ಒಂದು ಗಂಟಲಿಗೆ, ಒಂದು ಹೊಟ್ಟೆಗೆ. ದಾರಿಹೋಕರು ಹೊಗಳುವ ಮೂರು ಬೆಟ್ಟದೂರುಗಳ ಊಟವೇ ಅವನ್ನು ಬಿಚ್ಚಬೇಕು.”

ದೇಮವ್ವ ಬುತ್ತಿಬಟ್ಟೆ ಹೆಗಲಿಗೆ ಹಾಕಿಕೊಂಡು ಬೆಟ್ಟ ಹತ್ತಿದಳು.

ಮೊದಲ ಊರು ಕಲ್ಲುಕಣಿವೆ. ಅಲ್ಲಿ ರೊಟ್ಟಿಗೆ ಹೆಸರಾದ ಬೀರಣ್ಣನ ಮನೆಯೆದುರು ಕಲ್ಲಿನ ಆನೆ ಕೂತಿತ್ತು. “ಒಲೆ ಹಚ್ಚಿದರೆ ಮನೆ ತುಳಿಯುತ್ತೇನೆ!” ಎಂದು ಘೀಳಿಟ್ಟಿತು.

ದೇಮವ್ವ ಹೊಸ್ತಿಲ ಮೇಲೆ ನಿಂತಳು. “ಮೊದಲು ನನ್ನನ್ನು ತುಳಿ. ಬೀರಣ್ಣಾ, ನೀನು ಒಲೆ ಹಚ್ಚು!”

ಬೀರಣ್ಣ ಬೆಂಕಿ ಮಾಡಿದ. ಆನೆ ಕಾಲೆತ್ತಿತು. ಅವಳು ಕದಲಲಿಲ್ಲ. ಒಲೆಯ ಕಾವು ಬಡಿದು ಆನೆ ಪಟಪಟನೆ ಬಿರಿದು ಜಲ್ಲಿಯಾಯಿತು. ಅವಳು ಬಿಸಿ ರೊಟ್ಟಿ ಕಟ್ಟಿಕೊಂಡಳು.

ಎರಡನೆಯ ಊರು ಸಾರಿಗೆ ಹೆಸರಾದ ಗೌರಕ್ಕನ ಮುಗಿಲಪೇಟೆ. ಅದನ್ನು ಮಂಜಿನ ಹಾವೊಂದು ಸುತ್ತಿಕೊಂಡಿತ್ತು. ಎಷ್ಟು ನಡೆದರೂ ಅವಳು ಹೊರಟ ಜಾಗಕ್ಕೇ ಬರುತ್ತಿದ್ದಳು. “ವಾಪಸ್ ಹೋಗು” ಎಂದು ಹಾವು ಬುಸುಗುಟ್ಟಿತು.

“ಹೋಗುವುದಿಲ್ಲ!” ಎಂದು ಅವಳು ಕೂಗಿದಳು. “ಗೌರಕ್ಕಾ, ಎಲ್ಲಿದ್ದೀ? ಸಾರಿಗೆ ಒಗ್ಗರಣೆ ಹಾಕು!”

ಊಟದ ಮನೆಯ ಗೌರಕ್ಕ ಒಳಗೆ ಮೂಲೆಯಲ್ಲಿ ಅವಿತಿದ್ದಳು. ಆ ಕೂಗು ಕೇಳಿ ಎದ್ದು, ಕಾದ ಎಣ್ಣೆಗೆ ಒಣಮೆಣಸಿನಕಾಯಿ ಮುರಿದು ಹಾಕಿದಳು. ಘಾಟು ಊರೆಲ್ಲ ಹಬ್ಬಿತು. ಹಾವು ಸೀನಿತು, ಮತ್ತೆ ಸೀನಿತು, ಸೀನುತ್ತಲೇ ಚೂರಾಗಿ ಗಾಳಿಯಲ್ಲಿ ಹೋಯಿತು. ದೇಮವ್ವ ಸೊಪ್ಪಿನ ಸಾರನ್ನು ಗಡಿಗೆಯಲ್ಲಿ ತುಂಬಿಕೊಂಡಳು.

ಮೂರನೆಯ ಊರು ಗಾಳಿಗುಡ್ಡ. ಅಲ್ಲಿನ ಊಟದ ಮನೆಯ ಬಾಗಿಲಲ್ಲಿ ಹುಲಿಯೊಂದು ಮಲಗಿತ್ತು. ಅದು ಎದ್ದು ಅವಳ ಹೆಗಲ ಮೇಲೆ ಪಂಜವಿಟ್ಟಿತು.

“ಕರಾಳಜಿಹ್ವನ ಗಂಜಿಯೇ ರುಚಿ ಅನ್ನು. ಒಂದೇ ಸಲ. ಬಿಟ್ಟುಬಿಡುತ್ತೇನೆ.”

ಉಗುರು ಇಳಿದು ರಕ್ತ ಬಂತು. ಮೊದಲ ಸಲ ದೇಮವ್ವನಿಗೆ ಭಯವಾಯಿತು. ಆದರೂ ಹೇಳಿದಳು: “ಬೇಕಾದರೆ ನನ್ನ ನಾಲಗೆ ಕಿತ್ತುಕೋ. ಅದರಿಂದ ಸುಳ್ಳು ಹೇಳಿಸಲಾರೆ.”

ಹುಲಿಯ ಕಣ್ಣಲ್ಲಿ ನೀರು ತುಂಬಿತು. “ನಾನು ಹೆದರಿ ಹಾಗೆ ಅಂದುಬಿಟ್ಟೆ ತಾಯಿ, ಹುಲಿಯಾದೆ” ಎನ್ನುತ್ತಲೇ ಅದರ ಪಟ್ಟೆಗಳು ಉದುರಿದವು. ಅಡುಗೆಯ ಸಿದ್ದಪ್ಪಜ್ಜ ಎದುರಿಗೆ ನಿಂತಿದ್ದ. ಅವಳ ಗಾಯಕ್ಕೆ ಅರಿಸಿನ ಮೆತ್ತಿ, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ ಕೊಟ್ಟು ಕಳಿಸಿದ.

ತುಂಬಿದ ಸಭೆಯಲ್ಲಿ ದೇಮವ್ವ ಅರಸನ ಮುಂದೆ ಎಲೆ ಹಾಸಿದಳು. “ಮಹಾಪ್ರಭು, ಇದನ್ನು ಉಣ್ಣಿ” ಎಂದಳು. ಬೇಡ ಎನ್ನಲು ಬಾರದ ಅರಸ ಉಂಡ. ರೊಟ್ಟಿಗೆ ನಾಲಗೆಯ ಗಂಟು ಬಿಚ್ಚಿತು, ಸಾರಿಗೆ ಗಂಟಲಿನದು, ಮಜ್ಜಿಗೆಗೆ ಹೊಟ್ಟೆಯದು.

ಕರಾಳಜಿಹ್ವ ಓಡಿಬಂದ. “ದೊರೆಗಳೇ, ಗಂಜಿ ಕುಡಿಯಿರಿ!”

“ಬೇಡ!” ಎಂದು ಗುಡುಗಿದ ಅರಸ ಗಂಜಿಯ ಹಂಡೆಯನ್ನು ಒದ್ದ. ಚೆಲ್ಲಿದ ಗಂಜಿಯಲ್ಲಿ ಮಾಂತ್ರಿಕ ಜಾರಿ ಬೋರಲಾಗಿ ಬಿದ್ದ. ಒಂದು ಗುಟುಕು ಅವನ ಗಂಟಲಿಗೂ ಇಳಿಯಿತು.

ದೇಮವ್ವ ಕೇಳಿದಳು: “ಮಂತ್ರದಂಡವನ್ನು ಒಲೆಗೆ ಹಾಕುತ್ತೀಯಾ?”

“ಹೂಂ.”

“ಈ ನಾಡು ಬಿಟ್ಟು ಹೋಗುತ್ತೀಯಾ?”

“ಹೂಂ,” ಎಂದು ಅಳುತ್ತಾ ಹೋದ.

ದಂಡ ಉರಿದು ಬೂದಿಯಾದಾಗ ಎಲ್ಲರ ಮಾಯೆಯೂ ಕಳೆಯಿತು. ಬೆಟ್ಟದೂರುಗಳ ಒಲೆಗಳು ಮತ್ತೆ ಹೊತ್ತಿದವು. ಅರಸ, “ದೇಮವ್ವ, ಅರಮನೆಯ ಅಡುಗೆಮನೆಗೆ ನೀನೇ ಒಡತಿಯಾಗು” ಎಂದ.

“ಆಗುವುದಿಲ್ಲ ಮಹಾಪ್ರಭು. ಗಾಳಿಗುಡ್ಡದ ಆಚೆಗೂ ಊರುಗಳಿವೆ. ಅಲ್ಲೇನು ಬೇಯುತ್ತಿದೆಯೋ ನೋಡಬೇಕು,” ಎಂದು ಅವಳು ಹೊರಟಳು.

ಅರಸ ನಕ್ಕು ಕಿರೀಟ ತೆಗೆದಿಟ್ಟ. ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಬೆಟ್ಟ ಹತ್ತಿದ. ಆ ನಾಡಿನವರೆಲ್ಲ ಬೇಕಾದ್ದನ್ನು ಉಂಡು, ಅನಿಸಿದ್ದನ್ನು ಆಡಿ, ನೂರು ಕಾಲ ಸುಖವಾಗಿ ಬಾಳಿದರು.