ಕೆರೆ ಏರಿಯ ಪತಂಗಗಳ ಹಾಜರಿ

ಕುದಿನೀರಿನಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ ಎಂದರೆ ಜುಬೇದಾಳಿಗೆ ಅಬ್ಬಾನ ನೆನಪು. ನೂಲು ಬಿಚ್ಚುವವರ ಕೇರಿಯಲ್ಲಿ ಬೆಳೆದವಳು. ಶಾಲೆಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದಾಗಲೇ, ವಾಸನೆಯೂ ಒಂದು ಗುರುತು ಎಂದು ಕಲಿತಿದ್ದಳು.

೨೦೬೩ರ ಒಂದು ಬೆಳಗ್ಗೆ, ಅವಳೇ ಕಂಡುಹಿಡಿದಿದ್ದ ‘ಗಂಧಸೂಚಿ’ ಕೆರೆ ಏರಿಯ ಬೇಲಿಯನ್ನು ಮೂಸುತ್ತಿತ್ತು. ಹೆಣ್ಣು ಪತಂಗ ಗಂಡನ್ನು ಕರೆಯಲು ಗಾಳಿಗೆ ಬಿಡುವ ಪರಿಮಳ ಒಂದೊಂದು ಜಾತಿಗೂ ಬೇರೆ. ಬೆಳಗಾದ ಮೇಲೂ ಅದರ ಎಳೆ ಮೈಗೆ ಅಂಟಿರುತ್ತದೆ. ಹಿಡಿಯದೆ, ಕೊಲ್ಲದೆ, ಅದನ್ನು ಮೂಸಿ ಹೆಸರು ದಾಖಲಿಸುವ ಪೆನ್ನಿನಷ್ಟುದ್ದದ ಯಂತ್ರ ಅದು. ದೀಪಕ್ಕೆ ಮುತ್ತಿ ಪತಂಗಗಳು ಸಾಯುತ್ತವೆಂದು ಅವಳು ತಕರಾರು ಎತ್ತಿದ್ದಕ್ಕೆ ಪಂಚಾಯಿತಿ ಹಾಕಿದ ಷರತ್ತು ಇದು: ಮಧ್ಯಾಹ್ನದೊಳಗೆ ಇಪ್ಪತ್ತು ಜಾತಿ ಸಿಕ್ಕರೆ ಏರಿಯ ಕತ್ತಲು ಉಳಿಯುತ್ತದೆ. ಇಲ್ಲವಾದರೆ ನಾಳೆಯೇ ಸಾಲುದೀಪ.

ಆದರೆ ಯಂತ್ರ ಮೊದಲು ಸಿಕ್ಕ ಹನ್ನೊಂದು ಪತಂಗಕ್ಕೂ ಒಂದೇ ಹೆಸರು ಹೇಳಿತು.

“ಎಲ್ಲಾ ಒಂದೇ ಮನೆಯೋರು ಅನ್ಸುತ್ತೆ ಮೇಡಂ,” ಎಂದು ಸಾಲುದೀಪ ಹಾಕಿಸಲು ಬಂದಿದ್ದ ಇಂಜಿನಿಯರ್ ಸುದರ್ಶನ ನಕ್ಕ.

ಬೇಲಿಯಾಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಅಕ್ಕಯಮ್ಮ ಹತ್ತಿರ ಬಂದರು. ರೇಷ್ಮೆಹುಳು ಸಾಕುತ್ತಲೇ ತಲೆ ನರೆತವರು.

“ಏನ್ ಜುಬೇದಮ್ಮಾ, ಹುಳದ ಹತ್ರ ಹೂ ಮುಡ್ಕೊಂಡು ಯಾರಾನ ಬರ್ತಾರಾ? ದೊಡ್ಡ ಓದು ಓದಿ ಎಲ್ಲಾ ಮರ್ತ್‌ಬುಟ್ಯಾ?”

ಜುಬೇದಾ ತಲೆ ಮುಟ್ಟಿಕೊಂಡಳು. ಒಳ್ಳೆಯ ದಿನವೆಂದು ಮುಡಿದ ಒಂದು ಮೊಳ ಮಲ್ಲಿಗೆ! ಯಂತ್ರ ಇಷ್ಟು ಹೊತ್ತೂ ಮೂಸುತ್ತಿದ್ದುದು ಅದರ ಘಮವನ್ನೇ. ಹುಳು ಸಾಕುವ ಮನೆಗೆ ಹೂವು, ಊದುಬತ್ತಿ ಒಯ್ಯಬಾರದೆಂದು ಅವಳ ಕೇರಿಯ ಮಕ್ಕಳಿಗೂ ಗೊತ್ತಿತ್ತು. ಬಯಲಿಗೂ ಅದೇ ನಿಯಮ ಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

“ನೀನೂ ಅಷ್ಟೇ ಕಣಪ್ಪ,” ಅಕ್ಕಯಮ್ಮ ಸುದರ್ಶನನತ್ತ ತಿರುಗಿದರು. “ಸೆಂಟು ಹೊಡ್ಕೊಂಡು ಮದ್ವೆ ಗಂಡಿನಂಗೆ ಬಂದಿದ್ದೀಯ. ಹೋಗು, ಕೆರೇಲಿ ತೊಳ್ಕೊಂಡು ಬಾ.”

ಗೊಣಗುತ್ತಲೇ ಅವನು ಕತ್ತಿನವರೆಗೆ ತೊಳೆದುಕೊಂಡು ಬಂದ. ಮಲ್ಲಿಗೆ ದೂರದ ಕಲ್ಲಿನ ಮೇಲೆ ಕೂತಿತು. ಈಗ ಯಂತ್ರ ಪತಂಗಕ್ಕೊಂದು ಹೆಸರು ಹೇಳತೊಡಗಿತು. ಜುಬೇದಾ ಮಗುವಿನಂತೆ ಕೂಗಿ ಎಣಿಸಿದಳು. ಮುಳ್ಳು ತಾಗದಂತೆ ಸುದರ್ಶನ ಕೊಂಬೆಗಳನ್ನು ಎತ್ತಿ ಹಿಡಿದ. ಹತ್ತೊಂಬತ್ತಕ್ಕೆ ಬೇಲಿ ಮುಗಿಯಿತು.

ಜುಬೇದಾ ಹೊತ್ತು ನೋಡಿದಳು; ಮಧ್ಯಾಹ್ನ ಹತ್ತಿರವಾಗಿತ್ತು. ಕೊನೆಯ ಕೊಂಬೆಯನ್ನು ಇನ್ನೂ ಹಿಡಿದೇ ನಿಂತಿದ್ದ ಸುದರ್ಶನ ಮೆಲ್ಲಗೆ ಹೇಳಿದ: “ಮೇಡಂ, ಈ ತೊಗಟೆ ಅಲ್ಲಾಡ್ತಾ ಇದೆ.”

ತೊಗಟೆಯಲ್ಲ, ರೆಕ್ಕೆ. ಯಂತ್ರ ಕ್ಷಣ ತಡೆದು ಬರೆಯಿತು: ‘ಇಪ್ಪತ್ತು. ಈವರೆಗೆ ಹೆಸರಿಲ್ಲ.’

ಅಕ್ಕಯಮ್ಮ ಗಲ್ಲಕ್ಕೆ ಕೈಯಿಟ್ಟು ನಕ್ಕರು. ಜುಬೇದಾ ಮಾತ್ರ ನಗುತ್ತಲೇ ಯೋಚನೆಗೆ ಬಿದ್ದಳು. ಅವಳ ಬಾಲ್ಯದಲ್ಲಿ ಬೆಳಗಾದರೆ ಬೀದಿದೀಪದಡಿ ಉದುರಿದ ರೆಕ್ಕೆಗಳನ್ನು ಜನ ಕಸವೆಂದು ಗುಡಿಸುತ್ತಿದ್ದರು. ಆ ಕಸದಲ್ಲಿ ಯಾರ್ಯಾರಿದ್ದರೋ, ಒಮ್ಮೆಯೂ ಯಾರೂ ಹಾಜರಿ ಕರೆದಿರಲಿಲ್ಲ.

ಸುದರ್ಶನ ತಾನು ತಂದಿದ್ದ ಸಾಲುದೀಪದ ನಕ್ಷೆಯನ್ನು ಸುರುಳಿ ಸುತ್ತಿ ಏರಿಯ ಮೇಲೆ ಕೂತ. ಅಕ್ಕಯಮ್ಮ ಹೊಲಕ್ಕೆ ತಂದಿದ್ದ ಬುತ್ತಿ ಬಿಚ್ಚಿ, ಮುದ್ದೆಗೆ ಬಸ್ಸಾರು ಬಿಟ್ಟು, ತಟ್ಟೆಯನ್ನು ಅವನ ಕೈಗಿಟ್ಟರು.