ಎಂಜಿನ್ನಿನ ತಮ್ಮ

“ಈಗ ಈ ಕಡೆಯಿಂದ ಊದು,” ಎಂದ ಮಾವ.

ಸೂಜಿ ಆ ಪುಟ್ಟ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಬಾಯಿಗೆ ಹಿಡಿದು ಊದಿದಳು. ಒಳಗಿದ್ದ ತೆಳ್ಳಗಿನ ಎಲೆಗಳು ಬಿಚ್ಚಿಕೊಂಡವು. ಗಾಳಿ ಸಲೀಸಾಗಿ ಆಚೆ ಹೋಯಿತು.

“ತಿರುಗಿಸಿ ಊದು.”

ತಿರುಗಿಸಿ ಊದಿದಳು. ಎಲೆಗಳು ಪಟಕ್ಕನೆ ಮುಚ್ಚಿಕೊಂಡವು. ಅವಳ ಕೆನ್ನೆ ಬಲೂನಿನಂತೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಗಾಳಿ ಮಾತ್ರ ಒಂದಿಷ್ಟೂ ಆಚೆ ಹೋಗಲಿಲ್ಲ.

ಮಾವ ನಕ್ಕ. “ಇದಕ್ಕೆ ರೀಡ್ ಅಂತಾರೆ. ಪೆಟ್ರೋಲು, ಗಾಳಿ ಎರಡೂ ಇದರ ಮೂಲಕ ಎಂಜಿನ್ ಒಳಗೆ ಹೋಗ್ತವೆ. ಒಂದು ಸಲ ಒಳಗೆ ಹೋದದ್ದು ವಾಪಸ್ ಬರೋ ಹಾಗಿಲ್ಲ. ಅದಕ್ಕೇ ಎಂಜಿನ್ ದಮ್ಮು ಕಟ್ಟಿ ಎಳೆಯುತ್ತೆ.”

“ಹಳೇ ಎಂಜಿನ್‌ನಲ್ಲಿ ಇದು ಇತ್ತಾ?”

“ಇರ್ಲಿಲ್ಲ.”

“ಯಾಕೆ ಇರ್ಲಿಲ್ಲ?”

“ಆ ಕಾಲದಲ್ಲಿ ಆ ಕಂಪನಿಯವರು ಇನ್ನೂ ಇದನ್ನ ಹಾಕ್ತಿರ್ಲಿಲ್ಲ.”

“ಮತ್ತೆ ಯಾವ ಕಾಲದಲ್ಲಿ ಹಾಕಿದ್ರು?”

“ಸೂಜಿ, ಆ ಸ್ಪ್ಯಾನರ್ ಕೊಡು,” ಎಂದ ಮಾವ.

ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಸೂಜಿ ಎಂದು ಕರೆದವನು ಮಾವ, ಅಮ್ಮನ ತಮ್ಮ. ನೋಡಲು ಸಣ್ಣ, ಆದರೆ ಎಲ್ಲಿ ಚುಚ್ಚುತ್ತಾಳೆ ಎಂದು ಹೇಳಲಾಗದು ಎಂಬುದು ಅವನ ವಿವರಣೆ. ಉತ್ತರ ಕೊಡಲು ಇಷ್ಟವಿಲ್ಲದಾಗ ಅವನು ಸ್ಪ್ಯಾನರ್ ಕೇಳುತ್ತಿದ್ದ.

ಮನೆಯ ಕೆಳಗೇ ಮಾವನ ಗ್ಯಾರೇಜು. ಅದರ ನಡುವೆ ಸ್ಟ್ಯಾಂಡಿನ ಮೇಲೆ ನಿಂತಿದ್ದದ್ದು ಅಮ್ಮನ ಬೈಕು. ಅಮ್ಮ ವಾರವಿಡೀ ಸಿಟಿ ಬಸ್ಸು ಓಡಿಸುತ್ತಾಳೆ. ಭಾನುವಾರ ಬಂದರೆ ಈ ಬೈಕು ಹತ್ತಿ ಗುಡ್ಡ, ಹಳ್ಳ, ಕೆಸರು ಎನ್ನದೆ ಹಾರಿಸುತ್ತಾಳೆ. ಬೈಕು ಅಮ್ಮನಿಗಿಂತ ಹಿರಿಯದು. ಇಂಥ ಹಳೆಯ ಬೈಕುಗಳಿಗೆಂದೇ ಊರಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಬೇರೆ ರೇಸು ನಡೆಯುತ್ತದೆ.

ಹೋದ ರೇಸಿನಲ್ಲಿ ಅಮ್ಮ ಎಲ್ಲರಿಗಿಂತ ಮುಂದಿದ್ದಳು. ಗೆಲ್ಲುವುದೊಂದೇ ಬಾಕಿ. ಕೊನೆಯ ತಿರುವಿನಲ್ಲಿ ಎಂಜಿನ್ ಕಟಕಟ ಎಂದು ಹಲ್ಲು ಕಡಿದು ನಿಂತುಬಿಟ್ಟಿತು. ಅಮ್ಮ ಬೈಕನ್ನು ತಳ್ಳಿಕೊಂಡು ಬಂದಳು. ಆ ದಿನ ಅಮ್ಮನಿಗಿಂತ ಹೆಚ್ಚು ಸಪ್ಪಗಾದವನು ಮಾವ. ಎಂಜಿನ್ನಿನ ಹೊಣೆ ಅವನದಲ್ಲವೇ?

ಬೇರಿಂಗ್ ಪುಡಿಯಾಗಿತ್ತು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ ಎಂದು ಮಾವ ಹಳೆಯ ಎಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಮೂಲೆಗಿಟ್ಟ. ಎಲ್ಲಿಂದಲೋ ಇನ್ನೊಂದನ್ನು ತಂದು ಕೂರಿಸಿದ.

“ಅಮ್ಮ, ಎಂಜಿನ್ ಬದಲಾಯಿಸಬಹುದಾ? ರೂಲ್ಸ್ ಇದೆಯಾ?” ಸೂಜಿ ಕೇಳಿದಳು.

ಅಮ್ಮ ಮೆಟ್ಟಿಲ ಮೇಲೆ ಕೂತು ಹೆಲ್ಮೆಟ್ಟಿನ ಗಾಜು ಒರೆಸುತ್ತಿದ್ದಳು. “ಬದಲಾಯಿಸಬಹುದು. ಆದ್ರೆ ಹಾಕೋ ಎಂಜಿನ್ನೂ ಆ ಕಾಲದ್ದೇ ಆಗಿರ್ಬೇಕು.”

“ಇದು ಆ ಕಾಲದ್ದಾ ಮಾವ?”

“ಅದೇ ಕಂಪನಿ. ಅದೇ ಎಂಜಿನ್ನಿನ ತಮ್ಮ ಅಂದ್ಕೋ,” ಎಂದ ಮಾವ, ತಲೆ ಎತ್ತದೆ.

ಅಮ್ಮ ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು.

ಮಾವ ರೀಡ್ ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಬಿಗಿದ. ಆಮೇಲೆ ಸಣ್ಣ ಬ್ರಷ್ ತೆಗೆದುಕೊಂಡು ಅದಕ್ಕೆ ಕಪ್ಪು ಬಣ್ಣ ಬಳಿಯತೊಡಗಿದ.

“ಬಣ್ಣ ಯಾಕೆ?”

“ತುಕ್ಕು ಹಿಡೀಬಾರ್ದು ಅಂತ.”

“ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅಂತ ನಮ್ಮ ಸೈನ್ಸ್ ಮಿಸ್ ಹೇಳಿದಾರೆ.”

“ಆ ಸ್ಪ್ಯಾನರ್ ಕೊಡು,” ಎಂದ ಮಾವ. ಅವನ ಕೈಯಲ್ಲಿ ಆಗಲೇ ಎರಡು ಸ್ಪ್ಯಾನರ್ ಇದ್ದವು.

ಭಾನುವಾರ ಬೆಳಿಗ್ಗೆ ಟ್ರ್ಯಾಕಿನ ಪಕ್ಕದ ಮೈದಾನದಲ್ಲಿ ಎಲ್ಲಿ ನೋಡಿದರೂ ಹಳೆಯ ಬೈಕುಗಳು. ಸುಟ್ಟ ಎಣ್ಣೆಯ ವಾಸನೆ, ಹೊಗೆ, ಡಬಡಬ ಸದ್ದು. ರೇಸಿಗೆ ಇಳಿಯುವ ಮೊದಲು ಪ್ರತಿಯೊಂದು ಬೈಕೂ ತಪಾಸಣೆಯ ಡೇರೆಗೆ ಹೋಗಬೇಕು. ಅಮ್ಮ ಬೈಕು ತಳ್ಳಿಕೊಂಡು ಸಾಲಿನಲ್ಲಿ ನಿಂತಳು. ಮಾವ, ಸೂಜಿ ಪಕ್ಕದಲ್ಲಿ.

ತಪಾಸಣೆ ಮಾಡುತ್ತಿದ್ದ ಮೇಡಂ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟಿದ್ದರು. ಬ್ರೇಕು ಒತ್ತಿದರು, ಚಕ್ರ ಅಲ್ಲಾಡಿಸಿದರು, ಸ್ಪ್ರಿಂಗ್ ಅದುಮಿದರು. ಬಗ್ಗಿ ಎಂಜಿನ್ನಿನ ಮೇಲೆ ಟಾರ್ಚ್ ಹಾಯಿಸಿದರು. ಮಾವ ಉಗುರು ಕಚ್ಚುತ್ತಿದ್ದ.

“ಚೆನ್ನಾಗಿ ಇಟ್ಕೊಂಡಿದೀರಿ,” ಎಂದು ಮೇಡಂ ಸ್ಟಿಕರ್ ಕೈಗೆತ್ತಿಕೊಂಡರು.

ಸೂಜಿಗೆ ಬೇಸರವಾಯಿತು. ಎಲ್ಲಕ್ಕಿಂತ ಮಜಾ ಇರುವುದನ್ನೇ ಇವರು ನೋಡಲಿಲ್ಲವಲ್ಲ.

“ಮೇಡಂ, ಒಳಗಿರೋ ಎಲೆ ನೋಡಲ್ವಾ?”

“ಯಾವ ಎಲೆ ಮರಿ?”

ಸೂಜಿಗೆ ಅಷ್ಟೇ ಸಾಕಾಯಿತು. ಈ ಕಡೆಯಿಂದ ಊದಿದರೆ ಹೇಗೆ, ಆ ಕಡೆಯಿಂದ ಊದಿದರೆ ಹೇಗೆ ಎಂದು ಕೆನ್ನೆ ಉಬ್ಬಿಸಿ ತೋರಿಸಿದಳು. ಮಾವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. “ಮುಂಚೆ ಇದ್ದ ಎಂಜಿನ್‌ನಲ್ಲಿ ಇದು ಇರ್ಲೇ ಇಲ್ಲ ಮೇಡಂ,” ಎಂದು ಸೂಜಿ ಹೆಮ್ಮೆಯಿಂದ ಮುಗಿಸಿದಳು.

ಮೇಡಂ ಕನ್ನಡಕ ಏರಿಸಿ ಕುಕ್ಕರಗಾಲಿನಲ್ಲಿ ಕೂತರು. ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದರು. ಒಳಗಿನಿಂದ ಬೆಳ್ಳಗೆ ಅಲ್ಯೂಮಿನಿಯಂ ಹೊಳೆಯಿತು.

“ಇದು ಆಮೇಲೆ ಬಂದ ಎಂಜಿನ್ನು,” ಎಂದರು ಮೆಲ್ಲಗೆ. “ಹಳೇ ಬೈಕುಗಳ ಗುಂಪಿನಲ್ಲಿ ಇದು ಓಡೋ ಹಾಗಿಲ್ಲ.”

“ಒಂದೇ ಕಂಪನಿ ಮೇಡಂ. ಫ್ರೇಮು, ಚಕ್ರ, ಟ್ಯಾಂಕು ಎಲ್ಲಾ ಹಳೇದೇ,” ಎಂದ ಮಾವ.

“ಇರಬಹುದು. ಆದ್ರೆ ಎಂಜಿನ್ನಿಗೆ ಎಷ್ಟು ವಯಸ್ಸೋ, ನಮ್ಮ ಲೆಕ್ಕದಲ್ಲಿ ಬೈಕಿಗೂ ಅಷ್ಟೇ ವಯಸ್ಸು.” ಮೇಡಂ ಅಮ್ಮನ ಕಡೆ ತಿರುಗಿದರು. “ನೀವು ಮುಂದಿನ ಗುಂಪಿನಲ್ಲಿ ಓಡಿಸಬಹುದು. ಅಲ್ಲಿರೋವು ಇದಕ್ಕಿಂತ ಹೊಸ ಬೈಕುಗಳು. ಓಡಿಸ್ತೀರಾ?”

ಅಮ್ಮನ ಮುಖ ಕೆಂಪಾಗಿತ್ತು. ಬೈಕಿನ ಹ್ಯಾಂಡಲ್ ಹಿಡಿದು, “ಓಡಿಸ್ತೀನಿ,” ಎಂದಳು.

ಡೇರೆಯ ಆಚೆ ಬಂದ ಮೇಲೆ ಮಾವ ಸೂಜಿಯ ಕಡೆ ನೋಡಿದ. “ನಿನ್ನ ಬಾಯಿಗೂ ಒಂದು ರೀಡ್ ಹಾಕಿಸ್ಬೇಕು. ಒಳಗೆ ಹೋಗಿದ್ದು ಆಚೆ ಬರಬಾರ್ದು.”

ಬೇರೆ ದಿನವಾಗಿದ್ದರೆ ಸೂಜಿ ಬಿದ್ದು ಬಿದ್ದು ನಗುತ್ತಿದ್ದಳು. ಮಾವ ನಗದಿದ್ದುದರಿಂದ ಅವಳಿಗೂ ನಗು ಬರಲಿಲ್ಲ. ವ್ಯಾನಿನ ಹಿಂದೆ ಹೋಗಿ ಟೈರಿಗೆ ಒರಗಿ ಕೂತಳು. ಅಮ್ಮ ಗೆಲ್ಲಬೇಕಿದ್ದ ರೇಸನ್ನು ತಾನೇ ಕೈಯಾರೆ ಹಾಳು ಮಾಡಿದ ಹಾಗಿತ್ತು.

ಅಮ್ಮ ಬಂದು ಪಕ್ಕದಲ್ಲಿ ಕೂತು ಬೂಟಿನ ಬಕಲ್ ಬಿಗಿಯತೊಡಗಿದಳು.

“ಅಮ್ಮ, ನಾನು ಕೆಡಿಸಿಬಿಟ್ಟೆನಾ?”

“ಮೊನ್ನೆ ಗ್ಯಾರೇಜಿನಲ್ಲಿ ನೀನು ಮಾವನ್ನ ಕೇಳಿದೆಯಲ್ಲ, ಇದು ಆ ಕಾಲದ್ದಾ ಅಂತ? ನಾನೂ ಅಲ್ಲೇ ಇದ್ದೆ. ನಾನು ಕೇಳ್ಲಿಲ್ಲ.”

“ಯಾಕೆ ಕೇಳ್ಲಿಲ್ಲ?”

ಅಮ್ಮ ಬಕಲ್ಲನ್ನು ಎಳೆದು ಸಿಕ್ಕಿಸಿದಳು. “ಕೇಳಿದ್ರೆ ಉತ್ತರ ಬಂದ್ಬಿಡ್ತಿತ್ತಲ್ಲ,” ಎಂದಳು.

ಸೂಜಿ ಅಮ್ಮನ ಮುಖವನ್ನೇ ನೋಡಿದಳು. ಉತ್ತರ ಬರಲೆಂದೇ ಅಲ್ಲವೇ ಪ್ರಶ್ನೆ ಕೇಳುವುದು? ಉತ್ತರ ಬರುತ್ತದೆಂದು ಕೇಳದೆ ಇರುವವರೂ ಇದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಮೊದಲು ನಡೆದದ್ದು ಹಳೆಯ ಬೈಕುಗಳ ರೇಸು. ಮಾವ ಬೇಲಿಯ ಒಂದು ಕಡೆ ನಿಂತ. ಸೂಜಿ ಅವನಿಂದ ದೂರ ಇನ್ನೊಂದು ಕಡೆ ನಿಂತಳು.

ಕೊನೆಗೆ ಮುಂದೆ ಉಳಿದವರು ಇಬ್ಬರೇ. ಒಬ್ಬರು ಬೇಕರಿ ಅಂಕಲ್, ಇನ್ನೊಬ್ಬರು ಕೆಲಸದಿಂದ ನಿವೃತ್ತರಾದ ಪೋಸ್ಟ್‌ಮ್ಯಾನ್ ತಾತ. ರೇಸು ಮುಗಿಯುವ ಗೆರೆಗೆ ಮೊದಲು ಒಂದು ಉದ್ದನೆಯ ಏರು. ಇಬ್ಬರ ಬೈಕುಗಳೂ ಅದನ್ನು ಹತ್ತಲು ಏದುಸಿರು ಬಿಡುತ್ತಿದ್ದವು. ಬೇಕರಿ ಅಂಕಲ್ ತಮ್ಮ ದೊಡ್ಡ ಮೈಯನ್ನು ಟ್ಯಾಂಕಿನ ಮೇಲೆ ಮಡಚಿ ಮಲಗಿಸಿದ್ದರು. ತಾತ ಬೈಕಿಗೆ ಏನೋ ಬುದ್ಧಿ ಹೇಳುತ್ತಿದ್ದಂತೆ ತುಟಿ ಅಲುಗಾಡಿಸುತ್ತಿದ್ದರು. ಒಮ್ಮೆ ಇವರು ಒಂದು ಗೇಣು ಮುಂದೆ, ಒಮ್ಮೆ ಅವರು. ಬೇಲಿಯ ಬಳಿ ನಿಂತವರೆಲ್ಲ ತುದಿಗಾಲಲ್ಲಿದ್ದರು. ಕೂದಲೆಳೆಯ ಅಂತರದಲ್ಲಿ ಬೇಕರಿ ಅಂಕಲ್ ಗೆರೆ ದಾಟಿದರು. ಇಳಿದವರೇ ನೆಲದ ಮೇಲೆ ಅಂಗಾತ ಮಲಗಿ ನಗತೊಡಗಿದರು. ತಾತ ಅವರ ಹೊಟ್ಟೆಗೆ ಮೆಲ್ಲಗೆ ತಟ್ಟಿದರು.

ಆಮೇಲೆ ಅಮ್ಮನ ಸರದಿ. ಬೇರೆಯವರ ಬೈಕುಗಳು ನೀಳಕಾಲಿನ ಕುದುರೆಗಳಂತೆ ಎತ್ತರಕ್ಕೆ ನಿಂತಿದ್ದವು. ಅಮ್ಮನದು ಅವುಗಳ ನಡುವೆ ಗಿಡ್ಡ.

ಬಾವುಟ ಬಿತ್ತು. ಏರಿನಲ್ಲಿ ಅಮ್ಮನ ಬೈಕು ಯಾರಿಗೂ ಕಡಿಮೆ ಇರಲಿಲ್ಲ. ಆಗಲೇ ಅಂಕಲ್, ತಾತ ತೆವಳಿ ಹತ್ತಿದ ಅದೇ ಏರನ್ನು ಅದು ಒಂದೇ ಉಸಿರಿಗೆ ಹತ್ತಿಬಿಟ್ಟಿತು. ಸೂಜಿ ಚಪ್ಪಾಳೆ ತಟ್ಟಲು ಕೈ ಎತ್ತಿದಳು. ಕೈ ಅಲ್ಲೇ ನಿಂತಿತು.

ಅಮ್ಮ ಆ ರೇಸಿನಲ್ಲಿ ಇದ್ದಿದ್ದರೆ? ಇದೇ ಏರಿನಲ್ಲಿ ಇಬ್ಬರನ್ನೂ ಹಿಂದೆ ಹಾಕಿ ಹೋಗಿಬಿಡುತ್ತಿದ್ದಳು. ಬೇಕರಿ ಅಂಕಲ್ ಮೈ ಮಡಚಿದ್ದೂ, ತಾತ ಬುದ್ಧಿ ಹೇಳಿದ್ದೂ ಯಾವ ಲೆಕ್ಕಕ್ಕೂ ಇರುತ್ತಿರಲಿಲ್ಲ. ಅಂಕಲ್ ನೆಲದ ಮೇಲೆ ಮಲಗಿ ಹಾಗೆ ನಗುತ್ತಿದ್ದರೇ?

ಅಷ್ಟರಲ್ಲಿ ಉಬ್ಬುಗಳು ಬಂದವು. ಬೇರೆ ಬೈಕುಗಳು ಸ್ಪ್ರಿಂಗಿನ ಉದ್ದ ಕಾಲು ಮಡಚಿ ಚಾಚಿ ಅವುಗಳ ಮೇಲೆ ತೇಲಿಹೋದವು. ಅಮ್ಮನ ಬೈಕು ಒಂದೊಂದು ಉಬ್ಬಿಗೂ ಅವಳನ್ನು ಮೇಲಕ್ಕೆಸೆದು ಧಡ್ ಎಂದು ಕೂರಿಸಿತು. ಏರಿನಲ್ಲಿ ಗಳಿಸಿದ್ದನ್ನೆಲ್ಲ ಉಬ್ಬಿನಲ್ಲಿ ಕಳೆದುಕೊಂಡಳು. ಪ್ರತಿ ಸುತ್ತಿನಲ್ಲೂ ಅದೇ ಕತೆ.

ಮಾವ ಯಾವಾಗಲೋ ಸೂಜಿಯ ಪಕ್ಕಕ್ಕೆ ಬಂದು ನಿಂತಿದ್ದ. ಅಮ್ಮ ಹಾರಿದಾಗಲೆಲ್ಲ ಅವನ ಕೈ ಬೇಲಿಯ ತಂತಿಯನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು.

“ಎಂಜಿನ್ ಓಡ್ತಿದೆ, ಬೈಕು ಓಡ್ತಿಲ್ಲ,” ಎಂದ, ತನಗೆ ತಾನೇ ಎಂಬಂತೆ. “ಅಕ್ಕನ ಸೊಂಟ ಮುರಿಯತ್ತೆ.”

ಸೊಂಟ ಮುರಿಯಲಿಲ್ಲ. ಅಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ಹೆಲ್ಮೆಟ್ ತೆಗೆದಾಗ ಮುಖವೆಲ್ಲ ಧೂಳು, ಹಲ್ಲು ಮಾತ್ರ ಬೆಳ್ಳಗೆ. “ಅಬ್ಬಾ, ನನ್ನ ಬಸ್ಸೇ ಇದಕ್ಕಿಂತ ಮೆತ್ತಗಿದೆ,” ಎಂದು ಹುಲ್ಲಿನ ಮೇಲೆ ಕುಸಿದಳು. ಸೂಜಿ ನೀರಿನ ಬಾಟಲಿ ಕೊಟ್ಟಳು.

ಮಾವ ಅಮ್ಮನ ಎದುರು ನಿಂತ. “ಅಕ್ಕ, ಸಾರಿ ಕಣೆ,” ಎಂದ.

“ಇಬ್ಬರ ತಪ್ಪೂ ಇದೆ ಬಿಡೋ,” ಎಂದಳು ಅಮ್ಮ. ನೀರು ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡಳು.

ಮಾವ ಸ್ವಲ್ಪ ಹೊತ್ತು ಅಲ್ಲೇ ನೆಲ ಕೆರೆಯುತ್ತ ನಿಂತಿದ್ದ. ಆಮೇಲೆ, “ಬಾರೇ ಸೂಜಿ,” ಎಂದು ಮುಂದೆ ನಡೆದ. ತಪಾಸಣೆಯ ನಂತರ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಬೇಕರಿ ಅಂಕಲ್ ಒದ್ದೆ ಬಟ್ಟೆಯಿಂದ ತಮ್ಮ ಬೈಕಿನ ಧೂಳು ಒರೆಸುತ್ತಿದ್ದರು. ಸೂಜಿ ಬಗ್ಗಿ ನೋಡಿದಳು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ನೇರವಾಗಿ ಎಂಜಿನ್ನಿಗೆ ಅಂಟಿಕೊಂಡಿತ್ತು. ನಡುವೆ ಪೆಟ್ಟಿಗೆ ಇಲ್ಲ, ಎಲೆ ಇಲ್ಲ. ಇದು ತಮ್ಮನಲ್ಲ, ಅಣ್ಣನೇ. ಗ್ಯಾರೇಜಿನ ಮೂಲೆಯ ಗೋಣಿಚೀಲದಲ್ಲಿ ಇರುವಂಥದ್ದೇ.

ಅವಳ ನಾಲಿಗೆಯ ತುದಿಗೆ ಪ್ರಶ್ನೆ ಬಂದು ಕೂತಿತು. ಎಲ್ಲೂ ಸಿಗದ ಬೇರಿಂಗ್ ಇವರಿಗೆ ಎಲ್ಲಿ ಸಿಕ್ಕಿತು? ಬಾಯಿ ತೆರೆಯುವ ಮೊದಲು ಮಾವನ ಕಡೆ ನೋಡಿದಳು. ಅವನ ಕಿವಿ ಎರಡೂ ಕೆಂಪಗಾಗಿದ್ದವು. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಗಂಟಲು ಸರಿಮಾಡಿಕೊಂಡ.

“ಸಾರ್, ಒಂದು ಮಾತು ಕೇಳ್ಬೇಕಿತ್ತು,” ಎಂದು ಶುರು ಮಾಡಿ ತಡವರಿಸಿದ.

ಬೇಕರಿ ಅಂಕಲ್ ಬಟ್ಟೆ ಹಿಂಡಿಟ್ಟು ಕಾದರು. ಸೂಜಿ ಒಂದು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ಅವಳೂ ಕಾದಳು. ಅದು ಮಾವ ಕೇಳಬೇಕಾದ ಪ್ರಶ್ನೆ.